ಒಂದು ಮೊರ ತೌಡು

“ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ, ಕರೀಮವ್ವ. ಒಂದು ಕೇಳಿದ್ರ ಒಂದು ಹೇಳ್ರಿ, ಹತ್ತು ಹೇಳಬ್ಯಾಡ್ರಿ,” ಎಂದು ವಕೀಲ ಶಿವಶರಣ ಮತ್ತೊಮ್ಮೆ ಹೇಳಿದ.

ಕೋರ್ಟಿನ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಕರೀಮಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು “ಆತ್ರೀ ಸಾಹೇಬರ” ಎಂದಳು. ಸನಮಡಿಯ ಸುತ್ತಿನ ಹಳ್ಳಿಗಳಲ್ಲೆಲ್ಲ ಬಳೆಯ ಬುಟ್ಟಿ ಹೊತ್ತು ತಿರುಗಿ ಅರ್ಧ ಆಯುಷ್ಯ ಕಳೆದವಳು ಅವಳು. ರಂಜಾನಿನಲ್ಲಿ ರೋಜಾ ಹಿಡಿಯುವುದು ಅವಳಿಗೆ ಕಷ್ಟವಲ್ಲ, ನಾಲಿಗೆ ಹಿಡಿಯುವುದೇ ಕಷ್ಟ. ಊರವರಿಗೆ ಅದು ಎಂದಿನಿಂದಲೋ ಗೊತ್ತಿತ್ತು. ವಕೀಲನಿಗೆ ಆ ದಿನ ಬೆಳಿಗ್ಗೆ ಗೊತ್ತಾಗಿತ್ತು.

ಪಕ್ಕದಲ್ಲಿ ದಾಕ್ಷಾಯಣಿ ಕೂತಿದ್ದಳು. ಸನಮಡಿಯಲ್ಲಿ ಇವರಿಬ್ಬರ ಮನೆಗಳಿಗೆ ನಡುವೆ ಒಂದೇ ಗೋಡೆ. ದಾಕ್ಷಾಯಣಿಯ ಗಂಡ ರೇವಪ್ಪ ಹಿಂದಿನ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಬೋರಿನ ಮೋಟರು ಚಾಲೂ ಮಾಡಲು ಹೋಗಿ ಕರೆಂಟು ಹೊಡೆದು ಸತ್ತಿದ್ದ. ಏಳು ವರ್ಷದ ತಿಪ್ಪಣ್ಣ ಒಬ್ಬನೇ ಮಗ. ರೇವಪ್ಪನ ಪಾಲಿನ ಹೊಲದಲ್ಲಿ ನೀರು ಬಿದ್ದು, ದ್ರಾಕ್ಷಿ ಹಬ್ಬಿ, ಹೊಲ ನಾಲ್ಕು ಮಂದಿಯ ಕಣ್ಣು ಕುಕ್ಕುವಂತಾಗಿತ್ತು. ಅವನು ಸತ್ತದ್ದೇ ತಡ, ಕುಣಿಕೋಣೂರಿನಲ್ಲಿ ಬೇರೆ ಮನೆ ಮಾಡಿದ್ದ ತಮ್ಮ ಶಿದ್ರಾಯನಿಗೆ ಅಣ್ಣನ ಮಗನ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿ ಬಂತು. ಹುಡುಗ ಯಾರ ಕೈಯಲ್ಲೋ ಹೊಲವೂ ಅವರ ಕೈಯಲ್ಲಿ. ಇಷ್ಟು ತಿಳಿಯಲು ಯಾರೂ ಕಾನೂನು ಓದಬೇಕಿರಲಿಲ್ಲ.

ಆದರೆ ಕೋರ್ಟಿನಲ್ಲಿ ಅದನ್ನು ಹಾಗೆ ಹೇಳುವಂತಿಲ್ಲ. ಅಲ್ಲಿ ಎಲ್ಲದಕ್ಕೂ ಬೇರೆ ಹೆಸರು. ಹೆಗಲ ಮೇಲೆ ಕೂತು ಕೂದಲು ಜಗ್ಗುವ ತಿಪ್ಪಣ್ಣ ಅಲ್ಲಿ ‘ಮೈನರ್’. ಹೆತ್ತ ದಾಕ್ಷಾಯಣಿ ‘ನ್ಯಾಚುರಲ್ ಗಾರ್ಡಿಯನ್’. ಶಿದ್ರಾಯ ಬೇಡುತ್ತಿರುವುದು ‘ಕಸ್ಟಡಿ’.

“ಕಸ್ಟಡಿ ಅಂದ್ರ ಪೋಲೀಸ್ರು ಕಳ್ಳರನ್ನ ಇಡೂದಲ್ರಿ?” ಎಂದು ಕರೀಮಾ ಕೇಳಿದ್ದಳು. “ನಮ್ಮ ಹುಡುಗ ಯಾರದೇನ್ ಕದ್ದಾನ?”

“ಮಕ್ಕಳಿಗೂ ಹಂಗ ಅಂತಾರ್ರಿ. ಯಾರ ಕಡೆ ಇರಬೇಕು ಅನ್ನೂದಕ್ಕ ಕಸ್ಟಡಿ. ಜಡ್ಜ ಸಾಹೇಬ್ರು ನೋಡೂದು ಒಂದ, ವೆಲ್ಫೇರ್. ಹುಡುಗನ ಹಿತ ಎಲ್ಲೈತಿ ಅಂತ. ತಾಯಿ ಜ್ವಾಕಿಲೆ ನೋಡಿಕೊಳ್ಳಾಕತ್ತಾಳ ಅಂತ ನೀವು ಹೇಳ್ರಿ, ಸಾಕು.”

“ತಾಯಿ ಅಂದ ಮ್ಯಾಲ ಮುಗೀತಲ್ರಿ. ಮತ್ತ ವೆಲ್ಫೇರ ಎಲ್ಲಿಂದ ಬಂತು?”

ದಾಕ್ಷಾಯಣಿ ಅವಳ ಕೈ ಹಿಡಿದುಕೊಂಡಳು. “ಕರೀಮಕ್ಕಾ, ಅವರು ಹೇಳಿದಂಗ ಹೇಳು. ನಮ್ಮ ಮಂದಿ ಒಬ್ರೂ ಬರಲಿಲ್ಲ, ನೋಡಿದೆಲ್ಲ. ಎಲ್ಲಾರೂ ಅವನ ಕಡಿ. ನಿನ್ನ ಬಿಟ್ರ ನನಗ ಯಾರದಾರ?” ಎಂದಳು. ಆ ಕೈ ತಣ್ಣಗಿತ್ತು. ಈ ಹೆಂಗಸಿನ ಮಗನನ್ನು ಇಂದು ನನ್ನ ಮಾತೇ ಉಳಿಸಬೇಕು ಎಂದು ಕರೀಮಾಳಿಗೆ ಒಮ್ಮೆ ಭಯವಾಯಿತು, ಮರುಕ್ಷಣ ಹೆಮ್ಮೆಯೂ ಆಯಿತು.

ಕನ್ನಡ ಮಾತಾಡುವ ಹಳ್ಳಿಗಳಾದರೂ ಗಡಿಯ ಆಚೆಗೆ ಸೇರಿದ್ದರಿಂದ ಕೋರ್ಟಿನ ಒಳಗೆ ಎಲ್ಲ ಮರಾಠಿ. ಕರೀಮಾಳಿಗೆ ಬರುತ್ತಿದ್ದುದು ಬಳೆ ಮಾರುವಷ್ಟು ಮರಾಠಿ. ಜಡ್ಜ ಸಾಹೇಬರು ಪುಣೆಯ ಕಡೆಯವರು, ಕನ್ನಡದ ಗಂಧ ಇಲ್ಲದವರು. ಕನ್ನಡ ಬಲ್ಲ ಕಾರಕೂನನೊಬ್ಬ ಪಕ್ಕದಲ್ಲಿ ನಿಂತು ಅವಳ ಮಾತನ್ನು ಮರಾಠಿ ಮಾಡಿ ಹೇಳುವುದು, ಸಾಹೇಬರು ಅದನ್ನೇ ಗಿಡ್ಡ ಮಾಡಿ ಬರೆಸುವುದು, ಟೈಪಿನ ಯಂತ್ರ ಕಟಕಟ ಎನ್ನುವುದು. ಖುದಾನ ಆಣೆ ಮಾಡಿ ಖರೇನೇ ಹೇಳುತ್ತೇನೆ ಎಂದಾಯಿತು. ಶಿವಶರಣ ಕೇಳಿದ್ದಕ್ಕೆಲ್ಲ ಅವಳು ಬಾಯಿಗೆ ಬೀಗ ಹಾಕಿದವಳಂತೆ ಒಂದೊಂದೇ ಮಾತು ಹೇಳಿದಳು. ತಾಯಿ ಚಲೋ ನೋಡಿಕೊಳ್ಳುತ್ತಾಳೆ. ಹುಡುಗ ದಿನಾ ಶಾಲೆಗೆ ಹೋಗುತ್ತಾನೆ. ಮೈಯಲ್ಲಿ ಹುಷಾರಾಗಿದ್ದಾನೆ. ಶಿವಶರಣನ ಮುಖ ಅರಳಿತು, ಅವನು ಕೂತುಕೊಂಡ.

ಆಮೇಲೆ ಶಿದ್ರಾಯನ ವಕೀಲ ಗೊಲ್ಲಾಳಪ್ಪ ಎದ್ದು ನಿಂತ. ಐವತ್ತು ದಾಟಿದ, ತಲೆ ಹಣ್ಣಾದ ಮನುಷ್ಯ. ಬಿಳೂರ ಕಡೆಯವನಂತೆ. ಬಿರುಸಾಗಿ ಬೆದರಿಸುತ್ತಾನೆ ಎಂದು ಕರೀಮಾ ಕಟಕಟೆಯ ಕಟ್ಟಿಗೆ ಗಟ್ಟಿಯಾಗಿ ಹಿಡಿದಿದ್ದಳು. ಅವನು ನಕ್ಕ.

“ನಿಂತು ನಿಂತು ಕಾಲ ನೋವಾಗಿರಬೇಕಲ್ರಿ ಅವ್ವಾರ? ಖುರ್ಚಿ ತರಸಲ್ಯಾ?”

ಬೆಳಗಿನಿಂದ ಪರಭಾಷೆಯ ಗದ್ದಲದಲ್ಲಿ ಕಿವುಡಿಯಂತೆ ನಿಂತವಳಿಗೆ ಈ ಮನೆಯ ಮಾತು ಕೇಳಿ ಜೀವ ಹಗುರಾಯಿತು. “ಬ್ಯಾಡ್ರಿ, ನಾವು ದಿನಾ ತಿರಗವರು” ಎಂದಳು. ಹಾಗೆನ್ನುತ್ತ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಅವನ ಮೂಗಿನ ಬಲಗಡೆಯ ಹೊಳ್ಳೆಯಲ್ಲಿ ಒಂದು ಚುಕ್ಕೆ ಇತ್ತು. ಮಚ್ಚೆಯಲ್ಲ. ಚುಚ್ಚಿದ ತೂತು ಮುಚ್ಚಿಕೊಂಡ ಗುರುತು. ಮೊದಲಿನ ಕೂಸುಗಳು ಉಳಿಯದ ಮನೆಯಲ್ಲಿ ಆಮೇಲಿನ ಗಂಡು ಕೂಸಿನ ಮೂಗು ಚುಚ್ಚಿಸುತ್ತಾರೆಂದು ಆ ಸೀಮೆಯಲ್ಲಿ ಕೇಳಿ ತಿಳಿಯಬೇಕಾಗಿಲ್ಲ. ತಿಪ್ಪಣ್ಣನ ಮೂಗಿನಲ್ಲಿಯೂ ಅದೇ ಜಾಗದಲ್ಲಿ ಎಳೆಯಂಥ ಬಂಗಾರದ ತಂತಿ ಇತ್ತು. ಕರೀಮಾ ತಾನೇ ಕೂಸಿನ ತಲೆ ಹಿಡಿದು ಕೂತು ಚುಚ್ಚಿಸಿದ್ದು. ಓಹೋ, ಇವನೂ ನಮ್ಮ ತಿಪ್ಪಣ್ಣನಂಥವನೇ ಎಂದು ಅವಳಿಗೆ ಅನಿಸಿತು. ಇವನ ಮುಂದೆ ಅಂಜಬೇಕಾದ್ದೇನಿದೆ?

“ಹುಡುಗನ ಹೆಸರು ತಿಪ್ಪಣ್ಣ ಯಾಕ ಇಟ್ರಿ?” ಗೊಲ್ಲಾಳಪ್ಪ ಕೇಳಿದ.

ಶಿವಶರಣ ತಟ್ಟನೆ ಎದ್ದು ಮರಾಠಿಯಲ್ಲಿ ಏನೋ ತಕರಾರು ತೆಗೆದ. ಸಾಹೇಬರು ಕೈಯಾಡಿಸಿ ಅವನನ್ನು ಕೂರಿಸಿದರು.

“ಯಾಕಂದ್ರ ಏನ್ರಿ, ತಿಪ್ಪಿ ಮ್ಯಾಲ ಸಿಕ್ಕಾಂವ, ಅದಕ್ಕ ತಿಪ್ಪಣ್ಣ,” ಎಂದು ಕರೀಮಾ ನಕ್ಕಳು. ಅದು ಅವಳು ನೂರು ಸಲ ಹೇಳಿದ ಕಥೆ. ತಿಪ್ಪಣ್ಣ ರಾತ್ರಿ ಅವಳ ಪಕ್ಕದಲ್ಲಿ ಬಿದ್ದುಕೊಂಡು, ನಾ ತಿಪ್ಪಿ ಮ್ಯಾಲ ಹೆಂಗ ಅಳತಿದ್ದೆ, ನೀ ಹೆಂಗ ಎತಗೊಂಡಿ ಹೇಳು ಎಂದು ಹಟ ಹಿಡಿದು ಕೇಳುತ್ತಿದ್ದ ಕಥೆ. ದಾಕ್ಷಾಯಣಿಯ ಮೊದಲಿನ ಎರಡು ಕೂಸುಗಳು ಹಲ್ಲು ಮೂಡುವುದರೊಳಗೆ ಹೋಗಿದ್ದವು. ಮೂರನೆಯದು ಹುಟ್ಟಿದಾಗ ಅತ್ತೆ ಶಿವಲಿಂಗವ್ವನೇ ಮುಂದೆ ನಿಂತು ಎಲ್ಲ ಮಾಡಿಸಿದ್ದಳು. ಐದನೆಯ ರಾತ್ರಿ ಶೆಟವಿ ದೇವತೆ ಬಂದು ಹಣೆಬರಹ ಬರೆಯುವುದರೊಳಗೆ ಕೂಸು ಈ ಮನೆಯದಲ್ಲ ಎಂದಾಗಬೇಕು. ಅದಕ್ಕೆ ಕೂಸನ್ನು ಮೊರದಲ್ಲಿಟ್ಟು ಒಯ್ದು ತಿಪ್ಪೆಯ ಮೇಲೆ ಇಡುವುದು. ಹೆತ್ತ ಮಕ್ಕಳೆಲ್ಲ ಬದುಕಿ ಉಳಿದ ಬೇರೆ ಜಾತಿಯ ಹೆಂಗಸು ಬಂದು, ಅಯ್ಯ ಯಾರೋ ಕೂಸು ಒಗದು ಹೋಗ್ಯಾರಲ್ಲ ಎಂದು ಎತ್ತಿಕೊಳ್ಳುವುದು. ತನ್ನ ಹಾಲು ಕುಡಿಸುವುದು. ಆಮೇಲೆ ಹೆತ್ತವಳು ತನ್ನ ಹೊಸ್ತಿಲಲ್ಲೇ ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುವುದು. ಇಷ್ಟು ಅಗ್ಗದ ಕೂಸು ನಮಗೇಕೆ ಎಂದು ಸಾವು ಮುಂದಿನ ಮನೆಗೆ ಹೋಗುತ್ತದಂತೆ. ಕರೀಮಾಳ ಐದೂ ಮಕ್ಕಳು ಗುಂಡುಕಲ್ಲಿನಂತೆ ಇದ್ದವು. ಆಗ ಅವಳ ಕಿರಿಯವಳು ಅಫ್ರೀನ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಹಾಗಾಗಿ ಈ ಕೆಲಸಕ್ಕೆ ಅವಳನ್ನೇ ಕರೆದಿದ್ದರು.

“ಕೂಸು ತಿಪ್ಪಿ ಮ್ಯಾಲ ಇದ್ದದ್ದು ನೀವ ಕಣ್ಣಾರೆ ನೋಡೀರಿ?”

“ನೋಡೂದೇನ್ರಿ, ನಾನ ಎತಗೊಂಡೀನಿ! ಮೈ ತುಂಬ ಕಸಾ ಹತ್ತಿತ್ತು. ನಾನ ಒರಸಿ, ನಾನ ಮಲಿ ಕೊಟ್ಟೀನಿ.”

“ಒಳ್ಳೆ ಕೆಲಸಾ ಮಾಡೀರಿ. ಮುಂದ ಕೂಸಿನ ಬದಲಿ ಏನಾರ ಕೊಟ್ರೇನು?”

“ಒಂದು ಮೊರ ತೌಡು.”

“ಕೂಸು ಕೊಟ್ರಿ, ತೌಡು ತೊಗೊಂಡ್ರಿ.”

“ಹೌದ್ರಿ.”

“ಈಗ ಹುಡುಗ ಎಲ್ಲಿ ಉಣತಾನ್ರಿ?”

“ನಮ್ಮ ಮನ್ಯಾಗರಿ. ಆಕಿ ತ್ವಾಟಕ್ಕ ಹೋದಾಕಿ ಹೊತ್ತ ಮುಳಗಿದ ಮ್ಯಾಲ ಬರ್ತಾಳ. ಅಂವ ಸಾಲಿ ಬಿಟ್ಟವನ ನಮ್ಮ ಮನೀಗೇ ಓಡಿ ಬರ್ತಾನ. ನನ್ನ ಕೈಲೆ ಉಂಡ್ರ ಅವಂಗ ಹೊಟ್ಟಿ ತುಂಬತೈತಿ. ಭಾಳ ಸಲ ನನ್ನ ಮಗ್ಗಲದಾಗ ಮಕ್ಕೋತಾನ. ನಾನೂ ಅವನ ತಾಯೀನ ಅಲ್ರಿ?”

ಕೊನೆಯ ಮಾತು ಹೇಳುವಾಗ ಅವಳ ಕಣ್ಣು ತುಂಬಿದ್ದವು. ಸಾಹೇಬರಿಗೆ ಕನ್ನಡ ಬರದಿದ್ದರೂ ಈ ಕಣ್ಣೀರು ತಿಳಿಯುತ್ತದೆ, ಈ ಹುಡುಗನಿಗೆ ಒಬ್ಬಳಲ್ಲ ಇಬ್ಬರು ತಾಯಂದಿರು ಎಂದು ತಿಳಿದು ಸಂತೋಷಪಡುತ್ತಾರೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಕಾರಕೂನ ಮರಾಠಿಯಲ್ಲಿ ಹೇಳಿ ಮುಗಿಸಿದ. ಸಾಹೇಬರು ಹುಬ್ಬು ಗಂಟಿಕ್ಕಿ ದಾಕ್ಷಾಯಣಿಯ ಕಡೆ ನೋಡಿದರು. ಶಿವಶರಣ ಹಣೆಗೆ ಕೈ ಹಚ್ಚಿ ಕೂತಿದ್ದ.

“ಕೊನೀ ಮಾತ್ರಿ,” ಗೊಲ್ಲಾಳಪ್ಪ ಅಂದ. ಈಗ ಅವನ ದನಿಯಲ್ಲಿ ಅವ್ವಾ ಇರಲಿಲ್ಲ. “ಐದು ದಿನದ ಕೂಸು ತಿಪ್ಪಿ ಮ್ಯಾಲ ಬಿದ್ದಾಗ ಈ ಹೆಣಮಗಳು, ಹೆತ್ತ ತಾಯಿ, ಅಲ್ಲಿದ್ಲೋ ಇಲ್ಲೋ? ಇದ್ಲು, ಇಲ್ಲಾ ಇರಲಿಲ್ಲ, ಅಷ್ಟ ಹೇಳ್ರಿ.”

“ಬಾಳಂತಿ ಅಲ್ಲಿಗೆ ಹೆಂಗ ಬರ್ತಾಳ್ರಿ? ಅದು ಪದ್ಧತಿ ಐತಿ! ಆಕಿ ಅತ್ತೀನ ಒಯ್ದು...”

“ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ.”

“ಇಲ್ಲ. ಇರಲಿಲ್ಲ.”

ಟೈಪಿನ ಯಂತ್ರ ಕಟಕಟ ಎಂದಿತು. ನಂಬಿದ ಎಮ್ಮೆ ಕೋಣನನ್ನು ಈಯಿತು ಎನ್ನುತ್ತಾರಲ್ಲ, ಹಾಗಾಯಿತು. ದಾಕ್ಷಾಯಣಿ ನಂಬಿದ್ದು ಕರೀಮಾಳನ್ನು, ಕರೀಮಾ ನಂಬಿದ್ದು ಒಂದು ಮೂಗನ್ನು.

ಮಧ್ಯಾಹ್ನ ಗೊಲ್ಲಾಳಪ್ಪ ಹೊರಗೆ ಬೇವಿನ ಗಿಡದ ಕೆಳಗಿನ ಚಹಾದ ಗಾಡಿಯ ಹತ್ತಿರ ನಿಂತಿದ್ದಾಗ ಕರೀಮಾ ನೇರವಾಗಿ ಅವನ ಮುಂದೆ ಹೋಗಿ ನಿಂತಳು.

“ವಕೀಲರ, ನಿಮ್ಮ ಮೂಗ ಯಾಕ ಚುಚ್ಚಿಸಿದ್ರು?”

ಅವನ ಕೈ ಅವನಿಗರಿವಿಲ್ಲದೆ ಮೂಗಿನ ಹತ್ತಿರ ಹೋಗಿ ಇಳಿಯಿತು. ಸುಳ್ಳು ಹೇಳಲಿಲ್ಲ ಅವನು. “ನಮ್ಮವ್ವಗ ಮೊದಲಿನವು ಉಳೀಲಿಲ್ರಿ. ನನ್ನ ಒಬ್ಬ ಕುಂಬಾರಾಕಿ ಎತಗೊಂಡಿದ್ಲಂತ” ಎಂದ.

“ನಿಮ್ಮವ್ವ ನಿಮ್ಮನ್ನ ಒಗದಿದ್ಲೇನ್ರಿ ಹಂಗಾದ್ರ?”

ಗೊಲ್ಲಾಳಪ್ಪ ಚಹಾದ ಗ್ಲಾಸನ್ನು ನೋಡುತ್ತ ನಿಂತ. ಮನುಷ್ಯ ಏನೋ ಹೇಳುತ್ತಾನೆ, ತಪ್ಪಾಯಿತು ಎನ್ನದಿದ್ದರೂ ಜಗಳವನ್ನಾದರೂ ಆಡುತ್ತಾನೆ ಎಂದು ಅವಳು ಕಾದಳು. “ಚಾ ಕುಡೀರಿ ಅವ್ವಾ, ಬಿಸಲಾಗ ಬಂದೀರಿ,” ಎಂದ ಅವನು. ಗಾಡಿಯವನಿಗೆ ಇನ್ನೊಂದು ಗ್ಲಾಸು ಕೊಡಲು ಸನ್ನೆ ಮಾಡಿ, ಕರಿ ಕೋಟು ಕೊಡವಿಕೊಂಡು ಒಳಗೆ ಹೋದ. ಆ ಚಹಾ ಗಾಡಿಯ ಮೇಲೆ ಕೆನೆಗಟ್ಟುತ್ತ ಕೂತಿತು.

ಶಿವಶರಣ ಕೈ ಕಟ್ಟಿ ಕೂರಲಿಲ್ಲ. ಇದು ಈ ಕಡೆಯ ರೂಢಿ, ಊರೂರಿಗೂ ಇದೆ ಎಂದು ತೋರಿಸಲು ಶಿವಲಿಂಗವ್ವನನ್ನೇ ಕಟಕಟೆಗೆ ಕರೆಸಿದ. ಮಗ ಶಿದ್ರಾಯ ಮುಂದಿನ ಬಾಕಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ತಾಯಿಯನ್ನೇ ನೋಡುತ್ತಿದ್ದ. ಕೂಸನ್ನು ಮೊರದಲ್ಲಿಟ್ಟು ಒಯ್ದವರು ನೀವೇ ಅಲ್ಲವೇ ಎಂದು ಕೇಳಿದರೆ, “ನನಗ ವಯಸ್ಸಾಗೇತ್ರಿ, ನೆನಪ ಹಾರ್ಯಾವು” ಎಂದಳು ಮುದುಕಿ. ಹೊಲದ ಬದುವಿನ ಕಲ್ಲು ಯಾವ ವರ್ಷ ಯಾರು ಸರಿಸಿದರೆಂದು ನಿನ್ನೆ ಮೊನ್ನೆಯಂತೆ ಹೇಳುವವಳು ಅವಳು. ಗೊಲ್ಲಾಳಪ್ಪ ಸಾಹೇಬರ ಮುಂದೆ, ರೂಢಿ ಎಂದೇ ಇಟ್ಟುಕೊಳ್ಳೋಣ, ಮೂಢನಂಬಿಕೆಗೆ ಹಸುಗೂಸನ್ನು ಹೊಲಸಿನಲ್ಲಿಟ್ಟವರ ಕೈಯಲ್ಲಿ ಹುಡುಗನ ಹಿತವಿದೆಯೇ ಎಂದು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಚೆನ್ನಾಗಿ ಮಾತಾಡಿದನಂತೆ. ಶಿವಶರಣನೇ ಹಾಗೆಂದ.

ಹುಕುಂ ಬಂದ ದಿನ ಶಿವಶರಣ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಅದೇ ಕಂಬದ ಹತ್ತಿರ ಕೂತ.

“‘ಅಬ್ಯಾಂಡನ್’ ಅಂತ ಬರದಾರ್ರಿ,” ಎಂದ.

“ಅಂದ್ರ?” ಕರೀಮಾ ಕೇಳಿದಳು.

“ತಾಯಿ ಕೂಸನ್ನ ಬಿಟ್ಟ ಕೊಟ್ಲು, ಒಗದ್ಲು ಅಂತ. ಈಗೂ ಅದರ ಊಟಾ ಮಲಗೂದು ಎಲ್ಲಾ ಮಂದಿ ಮ್ಯಾಲ ಹಾಕ್ಯಾಳ ಅಂತ. ನಿಮ್ಮ ಸಾಕ್ಷಿ ಮ್ಯಾಲ ಬರದಾರ. ಶಿದ್ರಾಯಪ್ಪನ್ನ ಗಾರ್ಡಿಯನ್ ಮಾಡ್ಯಾರ. ಕಸ್ಟಡಿ ಅವನ ಕಡಿ.” ಅವನು ದಾಕ್ಷಾಯಣಿಯ ಮುಖ ನೋಡದೆ ಅವಸರದಲ್ಲಿ ಸೇರಿಸಿದ, “ಆದ್ರ ನಿಮಗ ವಿಜಿಟೇಶನ್ ಕೊಟ್ಟಾರ್ರಿ.”

“ಅದೇನ್ರಿ?” ದಾಕ್ಷಾಯಣಿ ಆ ದಿನ ಮೊದಲ ಸಲ ಬಾಯಿಬಿಟ್ಟಳು.

“ತಿಂಗಳಿಗೊಮ್ಮಿ ನೋಡಾಕ ಹೋಗಬಹುದು. ಗಾರ್ಡಿಯನ್ನನ ಮನೀಗೆ. ಅವನ ಎದರ.”

“ಯಾರನ್ನ ನೋಡಾಕ್ರಿ?”

ಶಿವಶರಣ ಹುಕುಮಿನ ಕಾಗದ ಮಡಿಚಿದ. ಮೇಲಿನ ಕೋರ್ಟಿಗೆ ಹೋಗೋಣ, ಬಿಡೋದು ಬೇಡ ಎಂದ. ಹೇಳುವವನಿಗೂ ಕೇಳುವವರಿಗೂ ಅದರಲ್ಲಿ ನಂಬಿಕೆ ಇರಲಿಲ್ಲ.

ಕೋರ್ಟಿನ ಜನ ಜೀಪಿನಲ್ಲಿ ಬಂದು ಹುಡುಗನನ್ನು ಕರೆದೊಯ್ದರು. ತಿಪ್ಪಣ್ಣ ಜೀಪು ಕಂಡು ಕುಣಿದ. ಮುಂದಿನ ಸೀಟಿನಲ್ಲಿಯೇ ಕೂರುತ್ತೇನೆ ಎಂದು ಹಟ ಮಾಡಿದ, ಕೂರಿಸಿದರು. ಓಣಿಯ ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದ. ಕರೀಮಾ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗಂಡ ಅಮೀನಸಾಬ ಬಾಗಿಲಲ್ಲಿ ನಿಂತು ನೋಡಿದ. ಬೈಯುವ ಸ್ವಭಾವವಲ್ಲ ಅವನದು. “ಇತ್ತಾ ಸಚ್ ಕಿಸಕೂ ಹೋನಾ ಥಾ ಗೇ?” ಎಂದ ಮೆಲ್ಲಗೆ. ಇಷ್ಟೊಂದು ಸತ್ಯ ಯಾರಿಗೆ ಬೇಕಾಗಿತ್ತು? ಬೈದಿದ್ದರೇ ಚೆನ್ನಾಗಿತ್ತು.

ದಾಕ್ಷಾಯಣಿಯೂ ಬೈಯಲಿಲ್ಲ. ಅವಳು ಮಾತನ್ನೇ ಬಿಟ್ಟಳು. ಮೊದಲು ಗೋಡೆಯ ಮೇಲಿಂದ ಬೆಂಕಿ, ಹೆಪ್ಪು, ಒಂದು ಮುಷ್ಟಿ ಖಾರ ಎಂದು ದಿನಕ್ಕೆ ಹತ್ತು ಸಲ ಕೈ ದಾಟುತ್ತಿತ್ತು. ಈಗ ಹೆಪ್ಪಿಗೆ ಅವಳು ಓಣಿಯ ಆ ತುದಿಯವರೆಗೆ ಹೋಗುತ್ತಿದ್ದಳು. ಕರೀಮಾ ಎದುರು ಬಂದರೆ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದಳು. ಊರಿನವರಿಗಂತೂ ಬಾಯಿಗೆ ಕೆಲಸ ಸಿಕ್ಕಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಕೆಲವರು ಕರೀಮಾಳಿಗೆ ಕೇಳುವಂತೆಯೇ ಅಂದರು. ಚಹಾದ ಅಂಗಡಿಯಲ್ಲಿ ಪಡ್ಡೆ ಹುಡುಗರು ಒಬ್ಬರ ಬೀಡಿಯನ್ನೊಬ್ಬರು ಕಸಿದುಕೊಂಡು, ಇದರ ಕಸ್ಟಡಿ ಈಗ ನಂದು ಎಂದು ನಗುತ್ತಿದ್ದರು. ಕರೀಮಾ ನಮಾಜಿಗೆ ಕೂತಾಗಲೆಲ್ಲ ಅವಳಿಗೆ ಒಂದೇ ಪ್ರಶ್ನೆ. ನಿನ್ನ ಆಣೆ ಮಾಡಿ ನಾನು ಖರೇನೇ ಹೇಳಿದೆನಲ್ಲ ದೇವರೇ, ಒಂದಕ್ಷರ ಸುಳ್ಳಾಡಲಿಲ್ಲವಲ್ಲ, ಮತ್ತೆ ಇದು ಹೇಗಾಯಿತು?

ಮೊದಲ ಭೇಟಿಯ ದಿನ ಬಂತು. ದಾಕ್ಷಾಯಣಿ ಶೇಂಗಾದ ಉಂಡೆ ಕಟ್ಟಿಕೊಂಡು ಬಸ್ಸು ಹತ್ತುವುದನ್ನು ಕಂಡು ಕರೀಮಾ ಬಳೆಯ ಬುಟ್ಟಿ ಹೊತ್ತು ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿದಳು. ಯಾರೂ ಕರೆದಿರಲಿಲ್ಲ. ಕುಣಿಕೋಣೂರಿನಲ್ಲಿ ಇಳಿದಾಗ ದಾಕ್ಷಾಯಣಿ ತಿರುಗಿ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಇಬ್ಬರೂ ಹಿಂದು ಮುಂದಾಗಿ ನಡೆದರು.

ಶಿದ್ರಾಯ ಅವರನ್ನು ಒಳಗೆ ಕರೆಯಲಿಲ್ಲ. “ಇಲ್ಲೇ ಕುಂದ್ರಿ, ಕಟ್ಟಿ ಮ್ಯಾಲ. ಕೋರ್ಟಿನ ಹುಕುಂ ಹಂಗೈತಿ. ಗಾರ್ಡಿಯನ್ ಎದರಿಗಿರಬೇಕು,” ಎಂದು ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು ಕೂತ. ಗಾರ್ಡಿಯನ್ ಎನ್ನುವ ಶಬ್ದವನ್ನು ಅವನು ಹೊಸ ಗಡಿಯಾರ ಕಟ್ಟಿದವನು ವೇಳೆ ಹೇಳುವಂತೆ ಕೇಳದಿದ್ದರೂ ಹೇಳುತ್ತಿದ್ದ. ಶಿವಲಿಂಗವ್ವ ಕಟ್ಟೆಯ ತುದಿಯಲ್ಲಿ ಅವರೆ ಸುಲಿಯುತ್ತ ಕೂತಿದ್ದಳು. ಸೊಸೆಯ ಮುಖ ನೋಡಲಿಲ್ಲ.

ತಿಪ್ಪಣ್ಣ ಬಂದ. ಕಾಲಲ್ಲಿ ಬೂಟು, ಕೊರಳಲ್ಲಿ ಇಂಗ್ಲಿಷ್ ಶಾಲೆಯ ಟೈ. ಮೂಗಿನ ತಂತಿ ಬಿಚ್ಚಿಸಿದ್ದರು. ದಾಕ್ಷಾಯಣಿ ಎರಡೂ ಕೈ ಚಾಚಿದಳು. ಹುಡುಗ ಬರಲಿಲ್ಲ. ಕಂಬ ಹಿಡಿದುಕೊಂಡು ಅಲ್ಲೇ ನಿಂತ.

“ಯಾಕೋ ಅಪ್ಪಿ, ಬಾ. ಶೇಂಗಾದ ಉಂಡಿ ತಂದೀನಿ ನೋಡು.”

“ನನಗ ಬ್ಯಾಡ.”

“ಯಾಕ? ನಿನಗ ಸೇರತಿದ್ವಲ್ಲೋ.”

“ನೀ ನನ್ನ ಒಗದಿದ್ದಿಯಂತ,” ಎಂದ ಹುಡುಗ. “ಅಬ್ಯಾಂಡನ್ ಮಾಡಿದ್ದಿಯಂತ. ಕಾಕಾ ಹೇಳ್ಯಾನ, ಕೋರ್ಟಿನ್ಯಾಗ ಹಂಗ ಬರದೈತಿ. ನಾ ಬ್ಯಾಡಾಗಿದ್ದೆ ನಿನಗ. ಬ್ಯಾಡಾಗಿದ್ದಕ್ಕ ತಿಪ್ಪ್ಯಾಗ ಒಗದಿ.” ಅವನು ಕರೀಮಾಳ ಕಡೆ ತಿರುಗಿದ. “ನೀನ ಹೇಳೀದಿ ಅಲ್ಲ? ತೌಡಿಗೆ ಮಾರಿದ್ದು ಅಂತ?”

ದಾಕ್ಷಾಯಣಿಯ ಚಾಚಿದ ಕೈಗಳು ಹಾಗೇ ಉಳಿದವು. ಅದೇ ಕಥೆ, ಅದೇ ತಿಪ್ಪೆ, ಅದೇ ತೌಡು. ಹೋದ ತಿಂಗಳವರೆಗೆ ಅದನ್ನು ಕೇಳಿ ಕಿಲಕಿಲ ನಕ್ಕು ನಿದ್ದೆ ಹೋಗುತ್ತಿದ್ದ ಹುಡುಗ ಈಗ ಗಲ್ಲ ನಡುಗಿಸುತ್ತ ನಿಂತಿದ್ದ. ಅವನಿಗೆ ಈ ಕಥೆಯನ್ನು ಸರಿಮಾಡಿ ತಿಳಿಸಿ ಹೇಳಲು ಯಾರಿಂದ ಸಾಧ್ಯ? ಮರಾಠಿಯಲ್ಲಿ ಸೋತ ಮಾತು, ಇಂಗ್ಲಿಷಿನಲ್ಲಿ ಸೋತ ಮಾತು. ಪದ್ಧತಿ, ಶೆಟವಿ, ಹಣೆಬರಹ ಎಂದು ಕರೀಮಾ ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತು. ಅಬ್ಯಾಂಡನ್ ಎನ್ನುವ ಒಂದು ಶಬ್ದದ ಮುಂದೆ ಅದು ನಿಲ್ಲುವುದಿಲ್ಲ ಎಂದು ಕರೀಮಾ ಕಣ್ಣಾರೆ ಕಂಡಿದ್ದಳು.

“ಸುಳ್ಳಪಾ ಅದು,” ಎಂದಳು ಅವಳು.

“ಏನು?”

“ಎಲ್ಲಾ ಸುಳ್ಳು. ತಿಪ್ಪಿ ಇಲ್ಲ, ತೌಡಿಲ್ಲ, ಏನೂ ಇಲ್ಲ. ನೀ ಮಕ್ಕೋಲಿ ಅಂತ ನಾನ ಕಟ್ಟಿ ಹೇಳಿದ ಕಥಿ ಅದು. ನಾ ನಿನ್ನ ಎತಗೊಂಡೂ ಇಲ್ಲ, ನನ್ನ ಹಾಲು ನೀ ಕುಡದೂ ಇಲ್ಲ. ನೀ ಹುಟ್ಟಿದಾಗಿಂದ ನಿಮ್ಮವ್ವನ ತೊಡಿ ಮ್ಯಾಲೇ ಇದ್ದಿ.”

“ಕೋರ್ಟಿನ್ಯಾಗೂ ಸುಳ್ಳ ಹೇಳಿದ್ದಿ?”

“ಹೂಂ. ಅಲ್ಲೂ ಸುಳ್ಳ ಹೇಳೀನಿ.”

ಶಿದ್ರಾಯ ಖುರ್ಚಿಯಿಂದ ಅರ್ಧ ಎದ್ದ. “ಏ ಬೂಬವ್ವ, ಏನಂದಿ? ಆಣಿ ಮಾಡಿ ಸುಳ್ಳ ಹೇಳಿದ್ದೇನು? ಇದಕ್ಕೂ ಕೇಸ್ ಐತಿ, ಗೊತ್ತೈತಿಲ್ಲ? ಒಳಗ ಹಾಕಸ್ತೀನಿ.”

“ಹಾಕಸ್ರಿ,” ಎಂದಳು ಕರೀಮಾ. ಅವನ ಕಡೆ ನೋಡಲೂ ಇಲ್ಲ.

ಹುಡುಗನಿಗೆ ಇನ್ನೂ ನಂಬಿಕೆ ಬರಲಿಲ್ಲ. ಅವನು ಅಜ್ಜಿಯ ಕಡೆ ತಿರುಗಿ “ಹೌದೇನ ಆಯಿ?” ಎಂದು ಕೇಳಿದ. ಶಿವಲಿಂಗವ್ವನ ಕೈಯಲ್ಲಿನ ಅವರೆಕಾಯಿ ನಿಂತಿತು. ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಕೊನೆಗೆ ಕರೀಮಾಳನ್ನು ನೋಡಿದಳು. ಮೊರದಲ್ಲಿ ಕೂಸನ್ನಿಟ್ಟು ತಿಪ್ಪೆಗೆ ಒಯ್ದದ್ದು ಆ ಕೈಗಳೇ.

“ಈಕಿ ಬಾಯಿ ಮೊದಲಿಂದ ಹಂಗ ಐತಿ,” ಎಂದಳು ಮುದುಕಿ. “ನಿಮ್ಮವ್ವ ನಿನ್ನ ನೆಲಕ್ಕೂ ಇಳಿಸಿಲ್ಲ ತಗಿ.” ಮತ್ತೆ ಅವರೆ ಸುಲಿಯತೊಡಗಿದಳು. ಶಿದ್ರಾಯ ಏನೋ ಗದರಲು ಹೋಗಿ, ತಾಯಿಯ ಮುಖ ಕಂಡು ಮತ್ತೆ ಖುರ್ಚಿಯಲ್ಲಿ ಕೂತ.

ತಿಪ್ಪಣ್ಣ ಕಂಬ ಬಿಟ್ಟ. ಒಂದು ಹೆಜ್ಜೆ ಇಟ್ಟು ನಿಂತ. ಆಮೇಲೆ ಓಡಿಬಂದು ತಾಯಿಯ ತೊಡೆಯಲ್ಲಿ ಮುಖ ಹುದುಗಿಸಿದ. ದಾಕ್ಷಾಯಣಿ ಅವನ ಮೇಲೆ ಬಾಗಿ, ಬೆನ್ನು, ತಲೆ, ಕಿವಿ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಹುಡುಗ ತಲೆ ಎತ್ತಿದ. ಅಳುವಿನಿಂದ ಒದ್ದೆಯಾದ ಮುಖದಲ್ಲಿ ಎಂಥ ಸಿಟ್ಟು!

“ನೀ ಸುಳ್ಳಿ,” ಎಂದ ಕರೀಮಾಳಿಗೆ. “ನೀ ಸುಳ್ಳ ಹೇಳಿದ್ದಕ್ಕ ನನ್ನ ಇಲ್ಲಿ ತಂದು ಇಟ್ಟಾರ. ಯಾಕ ಬಂದಿ ನೀ?”

ಅವಳನ್ನು ಅವನು ಹಾಗೆ ಎಂದೂ ಮಾತಾಡಿಸಿದವನಲ್ಲ. ಆ ಮುಖವನ್ನು ಮೊದಲು ಒರೆಸಿದವಳು, ಮೊದಲು ಎದೆಗೆ ಹಚ್ಚಿದವಳು ಅವಳು. ಈ ಭೂಮಿಯ ಮೇಲೆ ಅದನ್ನು ಅವನಿಗೆ ಹೇಳುವ ಹಕ್ಕು ಇನ್ನು ಅವಳಿಗಿರಲಿಲ್ಲ. ತಾನೇ ಅದನ್ನು ಈಗಷ್ಟೇ ಕೊಟ್ಟು ಕಳೆದುಕೊಂಡಿದ್ದಳು.

“ಬಳಿ ಮಾರಾಕ ಬಂದೀನಪಾ,” ಎಂದಳು.

ಎದ್ದು ಸಿಂಬಿ ತಲೆಯ ಮೇಲಿಟ್ಟುಕೊಂಡಳು. ತುಂಬಿದ ಬಳೆಯ ಬುಟ್ಟಿ ಒಬ್ಬಳೇ ಹೊತ್ತುಕೊಳ್ಳುವುದು ಕಷ್ಟ, ಎತ್ತಿಕೊಡಲು ಇನ್ನೊಂದು ಜೋಡಿ ಕೈ ಬೇಕು. ಇಷ್ಟು ವರ್ಷ ದಿನಾ ಬೆಳಿಗ್ಗೆ ದಾಕ್ಷಾಯಣಿಯೇ ಎತ್ತಿಕೊಡುತ್ತಿದ್ದಳು. ಈಗಲೂ ಅವಳ ಕೈ ತನ್ನಷ್ಟಕ್ಕೆ ಅರ್ಧ ಮೇಲೆದ್ದಿತು. ಆದರೆ ತೊಡೆಯ ಮೇಲೆ ಹುಡುಗನಿದ್ದ. ಇಬ್ಬರ ಕಣ್ಣೂ ಕೂಡಿದವು. ದಾಕ್ಷಾಯಣಿಯ ಕಣ್ಣು ತುಂಬಿ ಹರಿಯುತ್ತಿದ್ದವು, ತುಟಿ ಏನೋ ಹೇಳಲು ಅಲುಗಿದವು. ಕರೀಮಾ ಬೇಡ ಎಂಬಂತೆ ತಲೆಯಾಡಿಸಿ, ಬುಟ್ಟಿಯನ್ನು ಮೊದಲು ಮೊಣಕಾಲಿಗೆ, ಆಮೇಲೆ ಕಟ್ಟೆಗೆ, ಅಲ್ಲಿಂದ ತಲೆಗೆ ಏರಿಸಿಕೊಂಡಳು.

“ಬಳೀ... ಬಳಿ ಬೇಕೇನ್ರೆವ್ವಾ, ಬಳೀ...” ಎಂದು ಕೂಗುತ್ತ ಓಣಿಗಿಳಿದಳು. ದನಿ ಎಂದಿನಂತೆ ಏಳಲಿಲ್ಲ. ಎರಡು ಮನೆ ದಾಟುವುದರೊಳಗೆ ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಓಡಿಬಂದು ಹೊಸ್ತಿಲ ಮೇಲೆ ಕೂತು ಕೈ ಚಾಚಿದಳು. ಕರೀಮಾ ಬುಟ್ಟಿ ಇಳಿಸಿ ಎದುರಿಗೆ ಕೂತಳು. ಆ ಕಟ್ಟೆಯ ಮೇಲಿಂದ ಬಾಯಿ ತುಂಬಿಕೊಂಡು ಮಾತಾಡುವ ಹುಡುಗನ ದನಿ ಕೇಳಿತು. “ಯವ್ವಾ, ಇನ್ನೊಂದ ಉಂಡಿ ಕೊಡು.”

“ಯಾವ ಬಣ್ಣ ಬೇಕವಾ?” ಎಂದು ಕರೀಮಾ ಕೇಳಿದಳು.

ಹುಡುಗಿ ಹಸಿರು ಎಂದಳು. ಕರೀಮಾ ಕೆಂಪು ಬಳೆ ಬಿಚ್ಚಿ ಅವಳ ಕೈಗೆ ಏರಿಸತೊಡಗಿದಳು.

“ಹಸರ ರಿ,” ಎಂದು ಹುಡುಗಿ ಮತ್ತೊಮ್ಮೆ ಹೇಳಬೇಕಾಯಿತು.